ದಿನವೂ ಅಳಿಸುತ್ತಿದ್ದ ಹಳದಿ ದೀಪ

ಕಾರು ಇರುವ ಮನೆಯವರಿಗೆಲ್ಲ ಆ ಹಳದಿ ದೀಪ ಗೊತ್ತು. ಸ್ಟೇರಿಂಗಿನ ಹಿಂದೆ, ಎಂಜಿನ್ನಿನ ಪುಟ್ಟ ಚಿತ್ರವಾಗಿ ಹತ್ತಿಕೊಳ್ಳುತ್ತದೆ. ಮೊದಲ ದಿನ ಎದೆ ಧಸಕ್ಕೆನ್ನುತ್ತದೆ. ಕಾರು ಹೇಗೋ ಓಡುತ್ತಿದ್ದರೆ, ಸ್ವಲ್ಪ ದಿನಕ್ಕೆ ಅದು ಬಂದು ಹೋಗದೆ ಉಳಿದ ನೆಂಟನಂತಾಗುತ್ತದೆ. ಯಾಕೆ ಬಂದೆ ಎಂದು ಯಾರೂ ಕೇಳುವುದಿಲ್ಲ.

ಈ ಮನೆಯಲ್ಲೂ ಹಾಗೇ ಆಯಿತು. ಮೂತ್ರಪಿಂಡ ಕೈಕೊಟ್ಟ ಅಮ್ಮ, ಔಷಧದ ಅಂಗಡಿಗಳಿಗೆ ಸರಕು ತಲುಪಿಸುವ ಮಗ, ಶಾಲೆಯಲ್ಲಿ ಪಾಠ ಹೇಳುವ ಸೊಸೆ. ಮನೆಯಲ್ಲಿ ಇಷ್ಟೇ ಜನ. ವಾರಕ್ಕೆ ಮೂರು ಸಲ ಅಮ್ಮನನ್ನು ಡಯಾಲಿಸಿಸ್‌ಗೆ ಕರೆದೊಯ್ಯಬೇಕು. ಬಸ್ಸಿನ ಮೆಟ್ಟಿಲು ಹತ್ತಲು ಅವರಿಂದಾಗದು. ಹಾಗಾಗಿ ಹಳೆಯದೊಂದು ಕಾರು.

ಒಂದು ದಿನ ಬೆಳಿಗ್ಗೆ ಆ ಕಾರು ಪ್ರತಿ ಸಿಗ್ನಲ್ಲಿನಲ್ಲೂ ಗಡಗಡ ನಡುಗಿ ನಿಂತಿತು. ಆಸ್ಪತ್ರೆ ಸೇರುವಷ್ಟರಲ್ಲಿ ಅರ್ಧ ಸರದಿ ಕಳೆದಿತ್ತು. ಅಮ್ಮನ ಬೆನ್ನಿಗೇ ಇನ್ನೊಬ್ಬ ರೋಗಿ ಕಾಯುತ್ತಿದ್ದರು. ಉಳಿದ ಹೊತ್ತಿನಲ್ಲಿ ಎಷ್ಟಾಯಿತೋ ಅಷ್ಟೇ. ಸಂಜೆ ಮನೆಗೆ ಬಂದಾಗ ಪಾದದ ಊತ ಇಳಿದಿರಲಿಲ್ಲ. ಅಮ್ಮ ಮೆಟ್ಟಿಲ ಮಧ್ಯೆ ಕೂತು ಸುಧಾರಿಸಿಕೊಂಡು, ಒಳಗೆ ಹೋಗಿ ಮಲಗಿದರು.

ಅಕ್ಕನನ್ನು ನೋಡಲು ಅಮ್ಮನ ತಂಗಿ, ಚಿಕ್ಕಮ್ಮ ಬಂದರು. ಬಸ್ ಡಿಪೋದ ವೈರಿಂಗ್ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಬಳಗದಲ್ಲೆಲ್ಲ ಅವರು ಡಿಪೋ ಚಿಕ್ಕಮ್ಮ. ಬಾಗಿಲಲ್ಲಿ ಮಗ ಫೋನು ಹಿಡಿದು ಕೂತಿದ್ದ.

"ಯಾಕೋ, ಮುಖ ಹೀಗೆ ಇಳಿಬಿಟ್ಟಿದ್ದೀಯ?"

"ಪಂಪು ಹೋಗಿದೆ ಚಿಕ್ಕಮ್ಮ. ಟ್ಯಾಂಕಿಂದ ಪೆಟ್ರೋಲ್ ತಳ್ಳುತ್ತಲ್ಲ, ಅದು. ನಾಳೆ ಹೊಸದು ಹಾಕಿಸ್ತೀನಿ. ಅಮ್ಮನ ಔಷಧಿಗೆ ಎತ್ತಿಟ್ಟಿದ್ದೇ ತೆಗೀಬೇಕು."

"ಹೋಗಿದೆ ಅಂತ ಯಾರು ಹೇಳಿದ್ರು?"

"ಬಿಡಿಭಾಗದ ಅಂಗಡಿಯವನು. ಫೋನಲ್ಲಿ."

"ಫೋನಲ್ಲೇ ನಾಡಿ ಹಿಡಿದ್ನಾ? ಭೇಷ್."

ಸೊಸೆಗೆ ನಗು ಬಂತು. ನಗಲೂ ಸುಸ್ತಾಗಿ ಅರ್ಧಕ್ಕೇ ನಿಂತಿತು. "ಹೋದ ಸಲ ಸೆನ್ಸರ್ ಅಂದ್ರು ಚಿಕ್ಕಮ್ಮ. ಅದನ್ನೂ ಹಾಕಿಸಿದ್ವಿ," ಎಂದಳು.

"ಸುಮ್ಮನೆ ಹಾಕಿಸಿಲ್ಲ. ಕೋಡ್ ಓದೇ ಹಾಕಿಸಿದ್ದು," ಎಂದ ಮಗ, ಜೇಬಿನಿಂದ ಬೆಂಕಿಪೊಟ್ಟಣದಷ್ಟು ದೊಡ್ಡ ಸಾಧನ ತೆಗೆದ. ಅದನ್ನು ಸ್ಟೇರಿಂಗಿನ ಕೆಳಗೆ ಸಿಕ್ಕಿಸಿದರೆ ಕಾರಿನ ತಕರಾರು ಕೋಡಾಗಿ ಫೋನಿನಲ್ಲಿ ಕಾಣುತ್ತದೆ; ಕೋಡ್ ಅಳಿಸಿದರೆ ದೀಪವೂ ಆರುತ್ತದೆ. "ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಅಂತ ಬಂತು. ಅದನ್ನ ಅಳೆಯೋ ಸೆನ್ಸರ್ ಹೊಗೆಕೊಳವೇಲಿ ಇರುತ್ತೆ ಅಂದ್ರು. ಬದಲಾಯಿಸ್ದೆ. ದೀಪ ಮತ್ತೆ ಬಂತು."

"ಸುದ್ದಿ ತಂದವನನ್ನ ಕೆಲಸದಿಂದ ತೆಗೆದೆ. ಹೊಸಬನೂ ಬಂದು ಅದೇ ಸುದ್ದಿ ಹೇಳ್ತಿದ್ದಾನೆ, ಪಾಪ."

"ನೀವು ಹಳೇ ಬಸ್ಸಿನ ಕಾಲದವರು ಚಿಕ್ಕಮ್ಮ. ಇದು ಕಂಪ್ಯೂಟರು. ಏನು ಕೆಟ್ಟಿದೆ ಅಂತ ಅದೇ ಹೇಳುತ್ತೆ."

"ಎಲ್ಲಿ ನೋಯ್ತಿದೆ ಅಂತ ಹೇಳುತ್ತೆ ಕಣೋ. ಯಾಕೆ ಅಂತ ಹೇಳಲ್ಲ. ಎಲ್ಲೋ ಬಿರುಕಿಂದ ಗಾಳಿ ನುಗ್ಗಿದ್ರೂ ಇದೇ ಕೋಡು, ಪಂಪು ಸೋತಿದ್ರೂ ಇದೇ ಕೋಡು. ಆದ್ರೆ ಕೋಡ್ ಬಂದ ಗಳಿಗೇಲಿ ಕಾರು ನಿಂತಿತ್ತಾ, ಓಡ್ತಿತ್ತಾ ಅಂತಾನೂ ಅದು ನೆನಪಿಟ್ಕೊಂಡಿರುತ್ತೆ. ನಿಂತಾಗ ಬಂದಿದ್ರೆ ಮೊದಲು ಬಿರುಕು ಹುಡುಕಬೇಕು. ಏರು ಹತ್ತುವಾಗ ಬಂದಿದ್ರೆ ಪಂಪಿನ ಮೇಲೆ ಅನುಮಾನ. ಎಲ್ಲಿ, ತೋರಿಸು."

ಮಗ ಫೋನು ಕೊಡಲಿಲ್ಲ. "ಕೋಡ್ ಅಳಿಸಿಬಿಟ್ಟೆ. ಅದೂ ಹೋಗಿರುತ್ತೆ," ಎಂದ.

"ಇವತ್ತಿನದನ್ನಾ?"

"ದಿನಾ ಬೆಳಿಗ್ಗೆ ಅಳಿಸ್ತೀನಿ." ದನಿ ತಗ್ಗಿತು. "ಅಮ್ಮ ಮುಂದಿನ ಸೀಟಲ್ಲಿ ಕೂರ್ತಾಳೆ. ದೀಪ ಕಂಡ್ರೆ ದಾರಿಯುದ್ದಕ್ಕೂ ಅದನ್ನೇ ನೋಡ್ತಾಳೆ. ಇರೋ ಚಿಂತೆ ಸಾಲದಾ ಅವಳಿಗೆ?"

ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಎದ್ದು ಅವನು ಕಾರಿನ ಬಳಿ ಹೋಗುತ್ತಿದ್ದುದು ಗಾಜು ಒರೆಸಲು ಎಂದೇ ಸೊಸೆ ತಿಳಿದಿದ್ದಳು.

ಒಳಕೋಣೆಯಿಂದ ಅಮ್ಮನ ದನಿ ಬಂತು. "ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ಸಿಗ್ನಲ್ ಬಂದ್ರೆ ಸಾಕು, ಗೇರಿನ ಮೇಲೆ ನಿನ್ನ ಕೈ ಬಿಗಿಯುತ್ತೆ. ಇನ್ನು ದೀಪ ಬೇರೆ ನೋಡಬೇಕಾ?"

"ನೀನು ಮಲಗಮ್ಮ."

"ಮಲಗೇ ಇದ್ದೀನಿ. ಇನ್ನೇನು ಕೆಲಸ ನನಗೆ? ನಾಳೆ ನನ್ನ ರಕ್ತದ ರಿಪೋರ್ಟ್ ಕೆಟ್ಟದಾಗಿ ಬಂದ್ರೆ, ಅಮ್ಮ ಹೆದರ್ತಾಳೆ ಅಂತ ಡಾಕ್ಟರಿಗೂ ತೋರಿಸದೆ ಹರಿದು ಹಾಕ್ತೀಯೇನಪ್ಪ?"

ಮಗ ಆ ಸಾಧನವನ್ನು ಮತ್ತೆ ಜೇಬಿಗೆ ಹಾಕಿಕೊಂಡ. "ಈಗೇನು ಮಾಡ್ಲಿ?" ಎಂದ.

"ನಿಲ್ತಾ ನಿಲ್ತಾ ಹೋಗೋ ಕಾರಲ್ಲಿ ಅಕ್ಕನ್ನ ಕೂರಿಸಬೇಡ," ಎಂದರು ಚಿಕ್ಕಮ್ಮ. "ಮುಂದಿನ ಸರದಿಗೆ ಬಾಡಿಗೆ ಗಾಡೀಲಿ ನಾನು ಕರ್ಕೊಂಡು ಹೋಗ್ತೀನಿ. ನೀನು ಇಲ್ಲೇ ಹತ್ತಿರದ ಖಾಲಿ ರಸ್ತೇಲಿ ಓಡಿಸು. ದೀಪ ಬಂದ್ರೆ ಮುಟ್ಟಬೇಡ, ಹಾಗೇ ಗ್ಯಾರೇಜಿಗೆ ಹೋಗು. ಪಂಪು ಹಾಕಿ ಅನ್ನಬೇಡ. ಯಾಕೆ ಹೀಗಾಗ್ತಿದೆ, ಪರೀಕ್ಷೆ ಮಾಡಿ ಅನ್ನು. ಪರೀಕ್ಷೆಗೆ ಕೂಲಿ ಕೇಳ್ತಾರೆ, ಕೊಡು."

"ಬರೀ ನೋಡೋದಕ್ಕೂ ದುಡ್ಡಾ?"

"ನೋಡದೆ ಹಾಕಿಸಿದ್ದಕ್ಕೆ ಕೊಟ್ಟೆಯಲ್ಲ, ಅದಕ್ಕಿಂತ ಕಮ್ಮೀನೇ."

ಬೇಡವೆಂದಾಗ ದಿನವೂ ಬರುತ್ತಿದ್ದ ದೀಪ ಬೇಕೆಂದಾಗ ಬರಲಿಲ್ಲ. ಮರುದಿನ ಕಾಯಿಸಿತು. ಅದರ ಮರುದಿನ ಸಂಜೆ ಹತ್ತಿತು. ಮಗ ನೇರ ಗ್ಯಾರೇಜಿಗೆ ಹೋದ.

ಮೆಕ್ಯಾನಿಕ್ ಕೋಡ್ ಓದಿ, ಅದರ ಜೊತೆಗಿದ್ದ ವಿವರವನ್ನೂ ಓದಿದ. ಕಾರು ನಿಂತಲ್ಲೇ ನಿಂತು ಎಂಜಿನ್ ಓಡುತ್ತಿದ್ದಾಗ ಬಂದ ಕೋಡು. ಆದರೂ ಪಂಪಿನ ಒತ್ತಡ ಅಳೆದ. ಸರಿಯಾಗಿತ್ತು. ಆಮೇಲೆ ಎಂಜಿನ್ನಿಗೆ ಗಾಳಿ ಹೋಗುವ ದಾರಿಯೊಳಕ್ಕೆ ಯಂತ್ರದಿಂದ ಹೊಗೆ ಬಿಟ್ಟ. ಎಂಜಿನ್ನಿನ ಹಿಂಬದಿಯ ಒಂದು ರಬ್ಬರ್ ಪೈಪಿನ ಅಡಿಯಿಂದ ಬಿಳಿ ಹೊಗೆ ಎಳೆಯಾಗಿ ಎದ್ದಿತು. ಬಗ್ಗಿ ನೋಡಿದರೆ ಬೆರಳುಗುರಿನಷ್ಟು ಉದ್ದದ ಬಿರುಕು.

"ಹಾಗಾದ್ರೆ ಹಳೇ ಸೆನ್ಸರೂ ಚೆನ್ನಾಗೇ ಇತ್ತಾ?"

"ಇದ್ದಿರಬೇಕು. ಇಟ್ಕೊಂಡಿದ್ದೀರಾ?"

"ಬಿಸಾಕಿದೆ."

ಮೆಕ್ಯಾನಿಕ್ ಪೈಪು ಬದಲಾಯಿಸಿ, ಎಂಜಿನ್ ಓಡಿಸಿ ನೋಡಿ, ಆಮೇಲಷ್ಟೇ ಕೋಡ್ ಅಳಿಸಿದ. "ಅಳಿಸೋದು ಈಗ," ಎಂದ. ಮಗನಿಗೆ ಖುಷಿಪಡುವ ತ್ರಾಣವೂ ಇರಲಿಲ್ಲ. ಟೈರುಗಳ ರಾಶಿಯ ಮೇಲೆ ಕೂತು, ಅಂಗಡಿಗೆ ಫೋನು ಮಾಡಿ ಪಂಪು ಬೇಡವೆಂದ.

ಅದರ ಮುಂದಿನ ಸರದಿಗೆ ಅಮ್ಮ ಹೊತ್ತಿಗೆ ಸರಿಯಾಗಿ ತಲುಪಿದರು. ಪೂರ್ತಿ ಡಯಾಲಿಸಿಸ್ ಆಯಿತು. ಸಂಜೆ ಮೆಟ್ಟಿಲನ್ನು ಎಲ್ಲಿಯೂ ಕೂರದೆ ಹತ್ತಿದರು.

ಓದುತ್ತಿರುವ ಅಕ್ಕ ಅಣ್ಣಂದಿರೇ, ನಿಮ್ಮ ಕಾರಿನಲ್ಲೂ ಆ ಹಳದಿ ದೀಪ ಹತ್ತಿರಬಹುದು. ದೀಪ ಮಿಣುಕುತ್ತಿದ್ದರೆ, ಇಲ್ಲವೇ ಎಣ್ಣೆ ಅಥವಾ ಬಿಸಿಯ ಕೆಂಪು ದೀಪ ಬಂದರೆ, ಪಕ್ಕಕ್ಕೆ ಹಾಕಿ ನಿಲ್ಲಿಸಿ. ಹಳದಿ ದೀಪ ಸುಮ್ಮನೆ ಉರಿಯುತ್ತಿದ್ದರೆ ಅದನ್ನು ಅಳಿಸದೆ ಗ್ಯಾರೇಜಿಗೆ ಒಯ್ಯಿರಿ. ಕೋಡಿನಲ್ಲಿ ಯಾವ ಭಾಗದ ಹೆಸರು ಬಂದರೂ ಅಂಗಡಿಗೆ ಓಡಬೇಡಿ. ಆ ಭಾಗವೇ ಕೆಟ್ಟಿದೆ ಎಂದು ಹೇಗೆ ಗೊತ್ತಾಯಿತೆಂದು ಕೇಳಿ. ಅಳೆದು ತೋರಿಸಲಿ. ತೆಗೆದ ಹಳೆಯ ಭಾಗವನ್ನು ಕೇಳಿ ಇಸಿದುಕೊಳ್ಳಿ.

ನಿಮಗೆ ಬೇರೆ ನೂರು ಕೆಲಸಗಳಿವೆ, ಸುಸ್ತಾಗಿದ್ದೀರಿ, ಗೊತ್ತು. ಅದಕ್ಕೇ ಇಷ್ಟು ಹೇಳಿದ್ದು. ಒಂದೇ ತೊಂದರೆಗೆ ಎರಡು ಸಲ ದುಡಿಯುವ ಶಕ್ತಿ ನಮ್ಮಲ್ಲಿ ಯಾರಿಗೂ ಇಲ್ಲ. ಮೊದಲು ಪರೀಕ್ಷೆ ಮಾಡಿಸಿ, ಆಮೇಲೆ ಕೊಳ್ಳಿ.