ಬಾಗಿನದ ದಿನದ ಫೋಟೋ

ತಿಮ್ಮೇಶ್ ಮೊಬೈಲನ್ನು ಮುಂದೆ ಹಿಡಿದಾಗ ಸಿದ್ದಲಕ್ಷ್ಮಮ್ಮ ಕನ್ನಡಕ ತರುತ್ತೇನೆಂದು ಒಳಗೆ ಹೋದಳು. ಕನ್ನಡಕ ಅವಳ ಕೊರಳಲ್ಲೇ ತೂಗುತ್ತಿತ್ತು. ಅಡುಗೆಮನೆಯಲ್ಲಿ ಸುಮ್ಮನೆ ನಿಂತು, ಒಂದು ಲೋಟ ನೀರು ಕುಡಿದು, ಮತ್ತೆ ಹೊರಗೆ ಬಂದಳು.

ತಿಮ್ಮೇಶ್ ಕುಣಿಗಲ್ ಕಡೆಯ ಕೊತ್ತಗೆರೆಯವನು. ತುಮಕೂರಿನ ಯೋಜನಾ ಕಚೇರಿಯಲ್ಲಿ ಗುತ್ತಿಗೆ ಕೆಲಸ. ನಿಟ್ಟೂರಿನ ಪಕ್ಕದ ಈ ಹಳ್ಳಿಗೆ ಬೈಕಿನಲ್ಲಿ ಬಂದಿದ್ದು ಸಂತೋಷದ ಸುದ್ದಿ ಹೇಳುವುದಕ್ಕೆ. ಕೆರೆಗಳ ದುರಸ್ತಿಗೆಂದು ಹಿಂದೆ ಸರ್ಕಾರಕ್ಕೆ ಸಾಲ ಕೊಟ್ಟಿದ್ದ ವಿದೇಶದ ದೊಡ್ಡ ಬ್ಯಾಂಕು ಈಗ ತನ್ನ ಚರಿತ್ರೆಯನ್ನು ಊರೂರಿಗೆ ತೋರಿಸುತ್ತಿತ್ತು. ಮಹಾಯುದ್ಧದ ಕಾಲದಲ್ಲಿ ಹುಟ್ಟಿದಾಗಿನಿಂದ ಇಲ್ಲಿಯವರೆಗಿನ ಮುಖ್ಯ ಘಟನೆಗಳು, ಒಂದೊಂದಕ್ಕೂ ಒಂದು ಫೋಟೋ. ಅದರಲ್ಲಿ ಒಂದು ಈ ಊರಿನ ಕೆರೆಯದು.

"ತುಮಕೂರಲ್ಲಿ ಪ್ರದರ್ಶನ ಇಟ್ಟಿದಾರೆ, ಈ ಫೋಟೋದ ಬೋರ್ಡು ಆಳೆತ್ತರ ಇದೆ ಅಮ್ಮ. ಪಕ್ಕದಲ್ಲಿ ನೀವು ನಿಂತ್ಕೋಬೇಕು ಅಷ್ಟೇ. ಬ್ಯಾಂಕಿನ ಮೇಡಂ ಒಂದೆರಡು ಮಾತು ಕೇಳ್ತಾರೆ. ನಾನೇ ಕನ್ನಡದಲ್ಲಿ ಹೇಳ್ತೀನಿ."

ಸಿದ್ದಲಕ್ಷ್ಮಮ್ಮ ಮೊಬೈಲನ್ನು ಇನ್ನೊಮ್ಮೆ ನೋಡಿದಳು. ತುಂಬಿದ ಕೆರೆ. ಹಸಿರು ಸೀರೆ ಉಟ್ಟ ಹೆಂಗಸು ಮೊರದ ಬಾಗಿನವನ್ನು ನೀರಿಗೆ ಬಿಡುತ್ತಾ ಕ್ಯಾಮೆರಾ ಕಡೆ ತಿರುಗಿ ನಗುತ್ತಿದ್ದಾಳೆ. ಕೆಳಗೆ ಬರೆದಿತ್ತು: ಕೆರೆಯ ಆಡಳಿತ ಮೊದಲ ಬಾರಿಗೆ ಮಹಿಳೆಯ ಕೈಗೆ. ಸಂಘದ ಅಧ್ಯಕ್ಷೆ ಸಿದ್ದಲಕ್ಷ್ಮಮ್ಮ.

ಹೆಸರು ಅವಳದು. ನಗುತ್ತಿದ್ದ ಮುಖ ಅವಳ ಓರಗಿತ್ತಿ ಮಂಜುಳಮ್ಮನದು.

"ಆಗ ತೆಳ್ಳಗಿದ್ರಿ ಅಮ್ಮ" ಎಂದ ತಿಮ್ಮೇಶ್.

ಗಂಡ ಅಂಜಿನಪ್ಪ ಕುರ್ಚಿಯಿಂದಲೇ ಬಗ್ಗಿ ನೋಡಿದ. "ತೆಳ್ಳಗಲ್ಲ ಕಣಪ್ಪ, ಬೇರೆ ಹೆಂಗಸೇ ಆಗಿದ್ಲು."

ತಿಮ್ಮೇಶ್ ನಕ್ಕ. ಸಿದ್ದಲಕ್ಷ್ಮಮ್ಮ ಗಂಡನನ್ನು ನೋಡಿದ ರೀತಿಗೆ ಅಂಜಿನಪ್ಪ ಪೇಪರ್ ಎತ್ತಿಕೊಂಡ.

ಆ ಕೆರೆಗಾಗಿ ಅವಳು ಪಟ್ಟ ಪಾಡು ಊರಿಗೆ ಗೊತ್ತಿತ್ತು. ಮನೆಮನೆಗೆ ಹೋಗಿ ಜನರನ್ನು ಸಂಘಕ್ಕೆ ಸೇರಿಸಿದವಳು ಅವಳು. ನೀರು ಬರುವ ಕಾಲುವೆಯ ಮೇಲೆ ಬೇಲಿ ಹಾಕಿಕೊಂಡಿದ್ದ ಚನ್ನವೀರಯ್ಯನ ಹೊಲದ ಮುಂದೆ ಬೆಳಗ್ಗೆಯೇ ಹೋಗಿ ಕುಳಿತು, ಅವನು ಬೇಲಿ ಕೀಳುವವರೆಗೆ ಏಳದೆ ಇದ್ದವಳೂ ಅವಳೇ. ಮಳೆ ಬಂದು ಕೆರೆ ಕೋಡಿ ಬಿತ್ತು. ಬ್ಯಾಂಕಿನವರು ಬಾಗಿನಕ್ಕೆ ಬರುವ ದಿನ ಗೊತ್ತಾಯಿತು. ಅದರ ಹಿಂದಿನ ಸಂಜೆ ಅವಳು ಹೊರಗಾದಳು. ಮುಟ್ಟಾದ ಹೆಂಗಸು ಬಾಗಿನ ಮುಟ್ಟುವುದಿರಲಿ, ಏರಿಯನ್ನೂ ಹತ್ತುವಂತಿರಲಿಲ್ಲ. ಅದನ್ನು ಅಧಿಕಾರಿಗಳಿಗೆ ಹೇಳುವವರು ಯಾರು? ಒಂದೇ ಮನೆಯ ಸೊಸೆಯರು, ಯಾರು ಬಿಟ್ಟರೇನು ಎಂದು ಅತ್ತೆ ಮಂಜುಳಮ್ಮನನ್ನು ಕಳಿಸಿದಳು. ಅಲ್ಲಿ ಸಾಹೇಬರು ಕೈಯಲ್ಲಿದ್ದ ಚೀಟಿ ನೋಡಿ ಅಧ್ಯಕ್ಷೆಯ ಹೆಸರು ಕೂಗಿದರು. ಮೊರ ಹಿಡಿದವಳು ಮುಂದೆ ಹೋದಳು.

ಆಮೇಲೆ ಆ ಮನೆಯಲ್ಲಿ ಅದರ ಮಾತು ಬರಲಿಲ್ಲ. ಆ ಫೋಟೋ ಎಲ್ಲೋ ಉಳಿದಿದೆ ಎಂದೂ ಯಾರೂ ಅಂದುಕೊಂಡಿರಲಿಲ್ಲ.

ಈಗ ಸಿದ್ದಲಕ್ಷ್ಮಮ್ಮನಿಗೆ ಊಟ ಸೇರದಾಯಿತು. ಹೋಗಿ ಬೋರ್ಡಿನ ಪಕ್ಕ ನಿಂತಾಗ ಇವಳು ಅವಳಲ್ಲ ಎಂದು ಯಾರಾದರೂ ಅಂದುಬಿಟ್ಟರೆ, ಬೇರೆಯವರ ಹೆಸರು ಹೇಳಿಕೊಂಡು ಬಂದವಳಾಗುತ್ತಾಳೆ. ಆಮೇಲೆ ಕಾಲುವೆಗಾಗಿ ಕೂತಿದ್ದನ್ನು ಯಾರು ನಂಬುತ್ತಾರೆ? ಹೋಗದೆ ಇರಬಹುದಿತ್ತು. ಆದರೆ ತಾನು ಮಾಡಿದ ಒಂದು ಕೆಲಸವನ್ನು ಯಾರೋ ಬರೆದಿಟ್ಟಿದ್ದಾರೆ, ತನ್ನ ಹೆಸರಿನಲ್ಲೇ ಬರೆದಿಟ್ಟಿದ್ದಾರೆ. ಅದನ್ನು ಬಿಟ್ಟು ಮನೆಯಲ್ಲಿ ಕೂರಲು ಮನಸ್ಸು ಒಪ್ಪಲಿಲ್ಲ.

ಹಿತ್ತಿಲಲ್ಲಿ ಅವರೆಕಾಯಿ ಬಿಡಿಸುತ್ತಾ ಮಂಜುಳಮ್ಮ ಹೇಳಿದಳು, "ನಾನೂ ಬರ್ತೀನಿ ಅಕ್ಕ."

"ನೀನ್ಯಾಕೆ?"

"ನನ್ನ ಫೋಟೋ ಆಳೆತ್ತರ ಮಾಡವ್ರಂತೆ. ನಾನು ನೋಡ್ಬೇಡ್ವಾ?"

ಸಿದ್ದಲಕ್ಷ್ಮಮ್ಮನ ಕೈ ನಿಂತಿತು. "ನೋಡು. ಆದ್ರೆ ನಾನು ಬೋರ್ಡ್ ಹತ್ರ ಇರೋವಾಗ ಬರಬೇಡ. ದೂರ ಇರು."

"ಆವತ್ತು ನಿನ್ ಹೆಸರು ಕೂಗ್ದಾಗ ನಾನಲ್ಲ ಅನ್ಬೇಕಾಗಿತ್ತು. ಯಾಕ್ ಬರ್ಲಿಲ್ಲ ಅವರು ಅಂತ ಕೇಳಿದ್ರೆ ಆ ಗಂಡಸರಿಗೆ ಏನ್ ಹೇಳ್ಲಿ?"

"ನಾನೇನು ನಿನ್ನ ಬೈದ್ನಾ?"

"ಬೈದಿದ್ರೆ ಮುಗ್ದೋಗ್ತಿತ್ತು. ನೀನು ಬೈಲೇ ಇಲ್ವಲ್ಲ."

ಸಿದ್ದಲಕ್ಷ್ಮಮ್ಮ ಮಿಕ್ಕ ಕಾಯಿಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

ಕಚೇರಿಯವರು ಕಳಿಸಿದ ಕಾರು ಗುಬ್ಬಿ ದಾಟಿತು. ಮಂಜುಳಮ್ಮ ಚೀಲದಿಂದ ನಿಂಬೆಹಣ್ಣು ತೆಗೆದು ಸಿದ್ದಲಕ್ಷ್ಮಮ್ಮನಿಗೆ ಕೊಟ್ಟಳು. ಮಂಜುಳಮ್ಮ ತನ್ನ ಒಳ್ಳೆಯ ಸೀರೆ ಉಟ್ಟು, ಮುಖಕ್ಕೆ ತೆಳುವಾಗಿ ಪೌಡರ್ ಹಾಕಿಕೊಂಡಿದ್ದಳು. ವಯಸ್ಸಾದರೂ ಫೋಟೋದಲ್ಲಿದ್ದ ಅದೇ ಮುಖ. ಗಲ್ಲದ ಮೇಲಿನ ಮಚ್ಚೆ ಎದ್ದು ಕಾಣುತ್ತಿತ್ತು. ತಲೆಗೆ ಸೆರಗು ಹೊದ್ದುಕೋ ಎನ್ನಲು ಬಾಯಿಗೆ ಬಂದದ್ದನ್ನು ಸಿದ್ದಲಕ್ಷ್ಮಮ್ಮ ನುಂಗಿಕೊಂಡಳು.

ತುಮಕೂರಿನ ಸಭಾಂಗಣದಲ್ಲಿ ಏಸಿ ಹಾಕಿದ್ದರು. ಬಾಗಿಲಿನಿಂದ ಶುರುವಾಗಿ ಗೋಡೆಯ ಉದ್ದಕ್ಕೂ ಬೋರ್ಡುಗಳು. ಮೊದಲನೆಯದರಲ್ಲಿ ಕೋಟು ತೊಟ್ಟ ಗಂಡಸರು ಉದ್ದನೆಯ ಮೇಜಿನ ಸುತ್ತ ಕುಳಿತಿದ್ದರು. ಮುಂದೆ ಬಾಂಬಿಗೆ ಬಿದ್ದ ಊರು, ಆಮೇಲೆ ರೈಲು, ಅಣೆಕಟ್ಟು. ಎಲ್ಲದರಲ್ಲೂ ಕೈ ಕುಲುಕುವ ಗಂಡಸರು. ಇಷ್ಟು ದೊಡ್ಡವರ ಸಾಲಿನಲ್ಲಿ ನಮ್ಮ ಕೆರೆ ಯಾಕೆ ಬಂತು ಎಂದುಕೊಳ್ಳುತ್ತಾ ಸಿದ್ದಲಕ್ಷ್ಮಮ್ಮ ಒಂದೊಂದೇ ಬೋರ್ಡು ದಾಟಿದಳು.

"ಇಲ್ಲೇ ನಿಂತ್ಕೊಳ್ಳಿ ಅಮ್ಮ" ಎಂದು ತಿಮ್ಮೇಶ್ ಜಾಗ ತೋರಿಸಿದ. ಅವಳು ಬೋರ್ಡಿಗೆ ಬೆನ್ನು ಹಾಕಿ ನಿಂತಳು. ಅಕ್ಕ ಹೇಳಿದ್ದಂತೆ ಮಂಜುಳಮ್ಮ ದೂರದಲ್ಲಿ, ಅಣೆಕಟ್ಟಿನ ಬೋರ್ಡಿನ ಹತ್ತಿರ ಉಳಿದಿದ್ದಳು.

ಬ್ಯಾಂಕಿನ ಮೇಡಂ ನರೆತ ಕೂದಲಿನ ಹೆಂಗಸು. ಕಚೇರಿಯ ದೊಡ್ಡವರ ನಡುವೆ ಒಂದೊಂದೇ ಬೋರ್ಡು ನೋಡುತ್ತಾ ಬಂದರು. ಸಿದ್ದಲಕ್ಷ್ಮಮ್ಮನಿಗೆ ಕೈ ಮುಗಿದರು. ಫೋಟೋ ನೋಡಿದರು. ಅವಳ ಕಡೆ ತಿರುಗಿದರು, ಮತ್ತೆ ಫೋಟೋ ನೋಡಿದರು. ಆಮೇಲೆ ಅವರ ಕಣ್ಣು ಹಿಂದಕ್ಕೆ ಹೋಯಿತು. ಮಂಜುಳಮ್ಮ ತಡೆಯಲಾರದೆ ನಾಲ್ಕು ಹೆಜ್ಜೆ ಮುಂದೆ ಬಂದು, ಜನರ ಸಂದಿಯಿಂದ ಬೋರ್ಡಿನ ಮೇಲಿದ್ದ ತನ್ನ ಮುಖವನ್ನು ತಲೆಯೆತ್ತಿ ನೋಡುತ್ತಾ ನಿಂತಿದ್ದಳು. ಮೇಡಂ ನಗುತ್ತಾ ಹೋಗಿ ಅವಳ ಕೈ ಹಿಡಿದುಕೊಂಡರು.

ತಿಮ್ಮೇಶ್ ಗಾಬರಿಯಿಂದ ಇಂಗ್ಲಿಷಿನಲ್ಲಿ ಏನೋ ಹೇಳಿ ಸಿದ್ದಲಕ್ಷ್ಮಮ್ಮನನ್ನು ತೋರಿಸಿದ. ಮೇಡಂ ಕೈ ಬಿಡಲಿಲ್ಲ. ದೊಡ್ಡ ಸಾಹೇಬರು ತಿಮ್ಮೇಶನನ್ನು ನೋಡಿದ ನೋಟಕ್ಕೆ ಅವನ ಮುಖ ಬಿಳಿಚಿಕೊಂಡಿತು.

"ಏನಮ್ಮ ಇದು? ಅಧ್ಯಕ್ಷರು ಯಾರು?" ಎಂದು ಸಾಹೇಬರು ಮಂಜುಳಮ್ಮನನ್ನು ಕೇಳಿದರು.

ಮಂಜುಳಮ್ಮ ತಲೆ ತಗ್ಗಿಸಿದಳು.

"ನಾನೇ. ಫೋಟೋದಲ್ಲಿ ಇರೋದು ಅವಳು, ನನ್ನ ಓರಗಿತ್ತಿ" ಎಂದಳು ಸಿದ್ದಲಕ್ಷ್ಮಮ್ಮ. "ಆವತ್ತು ನಾನು ಹೊರಗಾಗಿದ್ದೆ. ಬಾಗಿನ ಬಿಡೋ ಹಾಗಿರ್ಲಿಲ್ಲ."

ತಿಮ್ಮೇಶ್ ನೆಲ ನೋಡಿದ. ಕಿವಿ ಕೆಂಪಾಯಿತು. ಮೇಡಂ ಕಾಯುತ್ತಿದ್ದರು. ಅವನು ಚುಟುಕಾಗಿ ಏನೋ ಹೇಳಿ ಮುಗಿಸಿದ. ಅದರಲ್ಲಿ ಫೀವರ್ ಎಂಬ ಮಾತು ಸಿದ್ದಲಕ್ಷ್ಮಮ್ಮನಿಗೆ ಕೇಳಿಸಿತು.

"ಜ್ವರ ಇರ್ಲಿಲ್ಲ ನಂಗೆ" ಎಂದಳು. "ಗಟ್ಟಿಮುಟ್ಟಾಗಿದ್ದೆ. ನಾನು ಹೇಳಿದ್ದನ್ನ ಹಂಗೇ ಹೇಳಪ್ಪ."

"ಅಮ್ಮ, ಎಲ್ಲರ ಮುಂದೆ..."

"ನಾನೇ ಹೇಳಿದೀನಿ. ನಿಂಗೇನು?"

ತಿಮ್ಮೇಶ್ ಸಾಹೇಬರ ಕಡೆ ನೋಡಿದ. ಸಾಹೇಬರು ಬೇರೆ ಕಡೆ ನೋಡುತ್ತಿದ್ದರು. ಅವನು ಹೇಳಿದ. ಈ ಸಲ ಸಾವಕಾಶವಾಗಿ, ಪದ ಹುಡುಕಿ ಹೇಳಿದ. ಮೇಡಂ ನಗಲಿಲ್ಲ, ಅಯ್ಯೋ ಎನ್ನಲೂ ಇಲ್ಲ. ಸಿದ್ದಲಕ್ಷ್ಮಮ್ಮನ ಎದುರಿಗೆ ಬಂದು ಒಂದು ಪ್ರಶ್ನೆ ಕೇಳಿದರು.

"ಬಾಗಿನ ಬಿಡೋವಾಗ ನೀವು ಎಲ್ಲಿದ್ರಿ ಅಂತ ಕೇಳ್ತಿದಾರೆ."

ಸಿದ್ದಲಕ್ಷ್ಮಮ್ಮ ಉತ್ತರಕ್ಕೆ ಯೋಚಿಸಬೇಕಾಗಿರಲಿಲ್ಲ.

"ನಮ್ಮ ಹುಲ್ಲಿನ ಬಣವೆ ಹಿಂದೆ. ಅಲ್ಲಿಂದ ಕೆರೆ ಏರಿ ಕಾಣ್ತದೆ. ಏರಿ ಮೇಲೆ ಜನ ಕಾಣ್ತಿದ್ರು. ನೀರು ಕಾಣ್ತಿರ್ಲಿಲ್ಲ."

ತಿಮ್ಮೇಶ್ ಅದನ್ನು ಇಂಗ್ಲಿಷಿನಲ್ಲಿ ಹೇಳುವ ಮೊದಲೇ ಮಂಜುಳಮ್ಮ ಅವಳ ಪಕ್ಕಕ್ಕೆ ಬಂದಿದ್ದಳು.

"ನೀರೇ ಕಾಣ್ತಿರ್ಲಿಲ್ವಾ ಅಕ್ಕ?"

"ಇಲ್ಲ ಕಣೇ" ಎಂದಳು ಸಿದ್ದಲಕ್ಷ್ಮಮ್ಮ.