ಕೊಳದ ಹೆಪ್ಪು

ಮೈದುನ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿಕೊಂಡು, ಉದ್ದ ಹಿಡಿಯ ಬ್ರಷ್ಷಿನಿಂದ ಕೊಳದ ಕೊನೆಯ ಮೂಲೆಯನ್ನು ತಿಕ್ಕುತ್ತಿದ್ದ. ಊರವರೆಲ್ಲ ಟೀಚರು ಎಂದು ಕರೆಯುವ ಅತ್ತಿಗೆ ಹಿಂಬಾಗಿಲಿಗೆ ಬಂದು ನಿಂತದ್ದು ಅವನಿಗೆ ಗೊತ್ತಾಗಲಿಲ್ಲ. ಹಿತ್ತಲಿಗೆಲ್ಲ ಬ್ಲೀಚಿಂಗ್ ಪೌಡರಿನ ವಾಸನೆ ಅಡರಿತ್ತು.

"ಏನ್ ಮಾಡ್ತಿದ್ದೀಯ?"

"ಮುಗೀತು ಅತ್ತಿಗೆ. ಇನ್ನೊಂದು ಸಲ ತೊಳೆದರೆ ಕನ್ನಡಿ ಥರ ಆಗುತ್ತೆ."

"ಕೆಸರು ಎಲ್ಲಿ?"

"ಕಸದ ಲಾರಿ ಬಂದಿತ್ತು, ಅದಕ್ಕೆ ಹಾಕಿಸಿಬಿಟ್ಟೆ." ಅವನ ದನಿಯಲ್ಲಿ ಅಷ್ಟಿಷ್ಟು ಹೆಮ್ಮೆಯೂ ಇತ್ತು. "ನಡುವೆ ಯಾವುದೋ ಕೊಳೆತ ಕೋಲು ಬೇರೆ ನಿಂತಿತ್ತು. ಅದನ್ನೂ ಕಿತ್ತು ಹಾಕಿದೆ."

ಟೀಚರು ಮೆಟ್ಟಿಲ ಮೇಲೆ ಕುಸಿದು ಕೂತರು. ಮುಂದಿನ ಕೋಣೆಯಲ್ಲಿ ಅವರ ಗಂಡನ ದೇಹ ಬಿಳಿ ಹೊದಿಕೆಯಡಿ ಮಲಗಿತ್ತು. ಹಿಂದಿನ ಸಂಜೆ ಆಸ್ಪತ್ರೆಯಿಂದ ತಂದಾಗಲೂ ಅವರು ಹೀಗೆ ಕೂತಿರಲಿಲ್ಲ. ಗಂಡ ಹಾಸಿಗೆ ಹಿಡಿದಿದ್ದಷ್ಟು ದಿನ, ಆಸ್ಪತ್ರೆಯಿಂದ ಓಡಿಬಂದು, ಪೀಪಾಯಿಯ ಮಳೆನೀರನ್ನು ಕೊಳಕ್ಕೆ ಹೊಯ್ದು, ಮತ್ತೆ ಓಡಿದವರು ಅವರು.

"ಅವರನ್ನಂತೂ ಉಳಿಸಿಕೊಳ್ಳೋಕೆ ಆಗಲಿಲ್ಲ," ಎಂದರು. "ಕೊಳ ಉಳಿದಿದೆ ಅಂತ ಧೈರ್ಯ ಮಾಡ್ಕೊಂಡಿದ್ದೆ. ಅದನ್ನೂ ಕೊಂದೆಯಲ್ಲೋ."

ಮೈದುನ ಬ್ರಷ್ಷು ಹಿಡಿದು ಹಾಗೇ ನಿಂತ. "ಜನ ಬರ್ತಾರೆ ಅತ್ತಿಗೆ. ಸೊಳ್ಳೆ, ನಾತ ಅಂತ ಹಿಂದಿನಿಂದ ಆಡಿಕೊಳ್ಳೋದು ನನ್ನ ಕಿವಿಗೂ ಬಿದ್ದಿದೆ. ಇವತ್ತೊಂದು ದಿನ ಯಾರೂ ಅಣ್ಣನನ್ನ ಗಲೀಜು ಮನುಷ್ಯ ಅನ್ನಬಾರದು ಅಂತ…"

ಅವನು ಊರಿನ ಈಜುಕೊಳದ ಮೇಲ್ವಿಚಾರಕ. ತಳಕ್ಕೆ ಬಿದ್ದ ಹೇರ್‌ಪಿನ್ನು ಮೇಲಿನಿಂದ ಕಾಣದಿದ್ದರೆ ಅದು ನೀರೇ ಅಲ್ಲ ಎನ್ನುವವನು. ಅಣ್ಣ ಕನ್ನಡಕದ ಗಾಜು ಉಜ್ಜುವವನು. ಊರಿಗೆಲ್ಲ ನಿಚ್ಚಳವಾಗಿ ಕಾಣುವಂತೆ ಮಾಡಿ, ಹಿತ್ತಲಲ್ಲಿ ಮಾತ್ರ ಏನೂ ಕಾಣದ ಹಸಿರು ನೀರನ್ನು ಸಾಕಿಕೊಂಡಿದ್ದ. ಬೇರೆ ಮನೆಗಳಲ್ಲಿ ಅಣ್ಣತಮ್ಮಂದಿರು ಆಸ್ತಿಗೆ ಕಚ್ಚಾಡಿದರೆ ಇವರು ಜನ್ಮವಿಡೀ ನೀರಿನ ಬಣ್ಣಕ್ಕೆ ಕಚ್ಚಾಡಿದ್ದರು.

ಟೀಚರು ಎದ್ದು ಸೆರಗು ಬಿಗಿದರು. "ಸುಮ್ಮನೆ ನಿಂತರೆ ಆಗಲ್ಲ. ಆ ಪೌಡರಿನ ವಾಸನೆ ಹೋಗೋವರೆಗೂ ಮಳೆನೀರಲ್ಲಿ ತೊಳಿ. ಇವತ್ತೇ ಹೆಪ್ಪು ಹಾಕಬೇಕು."

*

ಮದುವೆಯಾದ ಹೊಸತರಲ್ಲಿ ಹಿತ್ತಲಲ್ಲಿ ಸಿಮೆಂಟಿನ ಕೊಳ ಕಟ್ಟಿಸಿದಾಗ ಟೀಚರು ಹಿಗ್ಗಿದ್ದರು. ಶಾಲೆಯಲ್ಲಿ ಅವರದು ಭಾಷಾಪಾಠ. ಕಾವ್ಯದ ಕೊಳಗಳೆಲ್ಲ ಅವರಿಗೆ ಬಾಯಿಪಾಠವಾಗಿದ್ದವು. ಗಂಡ ಸೈಕಲ್ಲಿನಲ್ಲಿ ತಾವರೆ ಗೆಡ್ಡೆ ತರುತ್ತಾನೆಂದು ಕಾದರೆ, ಆತ ಹಳೆಯ ಇಟ್ಟಿಗೆಗೂಡಿನ ಹೊಂಡದಿಂದ ಒಂದು ಡಬ್ಬ ಕೆಸರು ಹೊತ್ತು ತಂದ.

"ಕವಿಗಳು ಕೊಳ ಅಂದ ಕೂಡಲೇ ತಾವರೆ, ಹಂಸ ಅಂತಾರೆ. ನೀವು ಈ ಕೊಳಕು ತಂದಿದ್ದೀರಲ್ಲ!"

"ನಿನ್ನ ಕವಿಗಳು ದಡದಲ್ಲಿ ನಿಂತು ನೋಡಿದ್ದಾರೆ ಕಣೆ, ಬಗ್ಗಿ ನೋಡಿಲ್ಲ. ಹಾಲಿಗೆ ಹೆಪ್ಪು ಹಾಕಲ್ವಾ ನೀನು? ಇದೂ ಹಾಗೇ. ಹಳೇ ಕೊಳದ ಕೆಸರು ಒಂದು ಹಿಡಿ ಬಿದ್ದರೆ ಹೊಸ ಕೊಳಕ್ಕೆ ಜೀವ ಬರುತ್ತೆ. ಮೊಟ್ಟೆ, ಬೀಜ ಎಲ್ಲ ಇದರೊಳಗೇ ನಿದ್ದೆ ಹೊಡೀತಿರುತ್ತೆ."

ಕೊಳದ ನಡುವೆ ಒಂದು ಕೋಲನ್ನೂ ನೆಟ್ಟ. ಏರೋಪ್ಲೇನ್ ಚಿಟ್ಟೆಯ ಮರಿ ನೀರೊಳಗೇ ಬೆಳೆಯುತ್ತದೆ, ರೆಕ್ಕೆ ಬರುವ ದಿನ ಹತ್ತಿ ಬರಲು ಅದಕ್ಕೊಂದು ಆಸರೆ ಬೇಕು ಎಂದ. ಟೀಚರು ನಂಬಲಿಲ್ಲ. ಮುಂದಿನ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಆತ ಕೂಗಿ ಕರೆದಾಗ ಹಿಟ್ಟಿನ ಕೈಯಲ್ಲೇ ಓಡಿಬಂದರು. ಕೋಲಿನ ಮೇಲೆ ಕಂದು ಬಣ್ಣದ ಖಾಲಿ ಚಿಪ್ಪೊಂದು ಅಂಟಿಕೊಂಡಿತ್ತು. ಅದರ ಪಕ್ಕದಲ್ಲೇ, ಒದ್ದೆ ರೆಕ್ಕೆ ಒಣಗಿಸಿಕೊಳ್ಳುತ್ತ, ಅದರಿಂದ ಹೊರಬಂದ ಜೀವ. ಅದು ಹಾರಿಹೋಗುವವರೆಗೆ ಇಬ್ಬರೂ ಅಲ್ಲಿಂದ ಕದಲಲಿಲ್ಲ. ಆ ದಿನ ಟೀಚರು ಶಾಲೆಗೆ ತಡವಾಗಿ ಹೋದರು, ಮತ್ತೆಂದೂ ತಾವರೆ ಕೇಳಲಿಲ್ಲ.

ಆಮೇಲೆ ಆತ ಕನ್ನಡಕಕ್ಕೆ ಬಂದವರಿಗೆಲ್ಲ ಮಸೂರದಡಿ ಒಂದು ಹನಿ ಕೊಳದ ನೀರು ತೋರಿಸತೊಡಗಿದ. ಬೆರಗಾದವರಿಗೆ ಒಂದು ಹಿಡಿ ಕೆಸರನ್ನೂ ಕಟ್ಟಿ ಕಳಿಸುತ್ತಿದ್ದ. ದಾಕ್ಷಿಣ್ಯಕ್ಕೆ ಬಿದ್ದು ಬೇಡ ಎನ್ನಲಾರದೆ ಒಯ್ದವರೂ ಇದ್ದರು.

*

ಜನ ಬರತೊಡಗಿದರು. ಟೀಚರು ಸಮಾಧಾನ ಹೇಳಿಸಿಕೊಳ್ಳುವುದನ್ನು ಬಿಟ್ಟು ತಾವೇ ವಿಚಾರಣೆಗೆ ನಿಂತರು.

"ನಿಮಗೆ ಕೆಸರು ಕೊಟ್ಟಿದ್ರಲ್ಲ, ಇದೆಯಾ?"

ಕರವಸ್ತ್ರ ಕಣ್ಣಿಗೊತ್ತಿಕೊಂಡು ಅಳುತ್ತಿದ್ದ ಬಟ್ಟೆ ಹೊಲಿಯುವ ಹೆಂಗಸು ಅಳುವುದನ್ನೇ ಮರೆತಳು. "ಅಯ್ಯೋ ಟೀಚರ್, ಟಬ್ಬಲ್ಲಿ ಹಾಕಿದ್ದೆ. ಮನೆ ಬದಲಾಯಿಸುವಾಗ ಚೆಲ್ಲಿಬಿಟ್ಟೆ."

"ನೀವು?"

ಬಸ್ ಡ್ರೈವರ್ ಟೋಪಿಯನ್ನು ಕೈಯಲ್ಲಿ ತಿರುಗಿಸಿದ. "ಮಗಳ ಶಾಲೆಯ ತೊಟ್ಟಿಗೆ ಹಾಕಿದ್ವಿ. ಚೆನ್ನಾಗಿತ್ತು. ಈಗ ಅಲ್ಲಿ ಸೈಕಲ್ ಸ್ಟ್ಯಾಂಡು."

"ಹಾಗಿದ್ದರೆ ಇಟ್ಟಿಗೆಗೂಡಿನ ಹೊಂಡಕ್ಕೇ ಹೋಗ್ತೀನಿ."

"ಅದೇ ಈಗ ನಮ್ಮ ಡಿಪೋ ಟೀಚರ್. ಹೊಂಡ ಮುಚ್ಚಿ ಯಾವ ಕಾಲವಾಯ್ತು."

"ಟೀಚರಿಗೆ ದುಃಖದಲ್ಲಿ ಮನಸ್ಸು ಸ್ಥಿಮಿತದಲ್ಲಿಲ್ಲ," ಎಂದು ಯಾರೋ ಪಿಸುಗುಟ್ಟಿದರು. ಅದು ಟೀಚರ ಕಿವಿಗೂ ಬಿತ್ತು. "ನಾನು ಸರಿಯಾಗೇ ಇದ್ದೀನಿ. ಕೆಸರು ಬೇಕು, ಅಷ್ಟೇ," ಎಂದು ಮುಂದಿನವರ ಕಡೆ ತಿರುಗಿದರು.

ಯಾರಲ್ಲೂ ಇರಲಿಲ್ಲ. ಹಿತ್ತಲಲ್ಲಿ ಮೈದುನ ನಾಲ್ಕನೆಯ ಸಲವೋ ಐದನೆಯ ಸಲವೋ ಕೊಳ ತೊಳೆಯುತ್ತಿದ್ದ.

ಸಮಾಧಿಯ ಬಳಿ ಎಲ್ಲರೂ ಮಣ್ಣು ಹಾಕಿದರು. ಟೀಚರು ತಮ್ಮ ಹಿಡಿಯ ಮಣ್ಣನ್ನು ಬೆರಳಲ್ಲಿ ಹೊಸಕಿ ನೋಡಿದರು. ಒಣ ಮಣ್ಣು, ಪುಡಿಪುಡಿಯಾಗಿ ಜಾರಿತು. ಆಗ ಮಾತ್ರ ಅವರಿಗೆ ತಡೆಯಲಾಗಲಿಲ್ಲ, ಬಿಕ್ಕಿ ಬಿಕ್ಕಿ ಅತ್ತರು.

ಸ್ಮಶಾನದ ಗೇಟಿನ ಹತ್ತಿರ ಮೈದುನ ಪಕ್ಕಕ್ಕೆ ಬಂದ. ಬ್ಲೀಚಿಂಗ್ ಪೌಡರಿಗೆ ಅವನ ಬೆರಳುಗಳು ಬಿಳಿಚಿಕೊಂಡಿದ್ದವು.

"ಅತ್ತಿಗೆ, ನಂದೊಂದು ಭರಣಿ ಇದೆ."

"ಯಾವ ಭರಣಿ?"

"ನನ್ನದಲ್ಲ, ಅಣ್ಣನದು. ಈ ಕೊಳದ ಕೆಸರು ತುಂಬಿ ನಮ್ಮ ಪಂಪ್‌ರೂಮಿನ ಕಿಟಕಿಯಲ್ಲಿ ತಂದಿಟ್ಟಿದ್ದ. 'ನಿನ್ನ ಈಜುಕೊಳದಲ್ಲಿ ಒಂದು ಹುಳವೂ ಬದುಕಲ್ಲ, ಇದಾದರೂ ಜೊತೆಗಿರಲಿ' ಅಂತ. ಭಾನುವಾರ ಭಾನುವಾರ ಬಂದು ನೀರು ಹಾಕಿ ಹೋಗ್ತಿದ್ದ. ಕಾಯಿಲೆ ಬಿದ್ದ ಮೇಲೆ ಬಂದಿಲ್ಲ."

"ನೀನು ತೊಳೆದಿಲ್ವಾ?"

"ಅದು ಅವನ ಗಲೀಜು. ನಾನ್ಯಾಕೆ ಮುಟ್ಟಲಿ?" ಎಂದ. "ಬೇರೆ ಯಾರಿಗೂ ಮುಟ್ಟೋಕೆ ಬಿಟ್ಟಿಲ್ಲ."

ಟೀಚರು ಮನೆಯ ದಾರಿ ಬಿಟ್ಟು ಈಜುಕೊಳದ ದಾರಿ ಹಿಡಿದರು.

*

ಪಂಪ್‌ರೂಮಿನಲ್ಲಿ ಎಲ್ಲವೂ ಫಳಫಳ ಹೊಳೆಯುತ್ತಿತ್ತು. ಪೈಪುಗಳು, ನಲ್ಲಿಗಳು, ನೆಲದ ಬಿಳಿ ಹಂಚು ಕೂಡ. ಕಿಟಕಿಯಲ್ಲೊಂದು ಗಾಜಿನ ಭರಣಿ ಮಾತ್ರ ಒಳಗೆಲ್ಲ ಪಾಚಿ ಹಿಡಿದು ಕಪ್ಪಗಿತ್ತು. ನೀರು ಹೆಚ್ಚುಕಡಿಮೆ ಆರಿಹೋಗಿ, ತಳದಲ್ಲಿ ಒಂದಿಷ್ಟು ಹಸಿ ಕೆಸರು ಉಳಿದಿತ್ತು.

"ಸತ್ತಿರಬಹುದು ಅತ್ತಿಗೆ."

"ನೋಡೋಣ ನಡಿ."

ಮನೆಯಲ್ಲಿ ಟೀಚರು ಗಂಡನ ಮೇಜಿನಿಂದ ಮಸೂರ ತಂದರು. ಭರಣಿಗೆ ಸ್ವಲ್ಪ ಮಳೆನೀರು ಬಿಟ್ಟು, ಕದಡಿ, ಒಂದು ಹನಿಯನ್ನು ಗಾಜಿನ ಮೇಲಿಟ್ಟು ಬಾಗಿದರು. ಏನೂ ಇಲ್ಲ. ಇನ್ನೊಂದು ಹನಿಯಲ್ಲೂ ಇಲ್ಲ. ಮೈದುನ ಮುಖ ತಿರುಗಿಸಿಕೊಂಡ. ಟೀಚರು ಬಿಡಲಿಲ್ಲ, ಸೆರಗಿನಿಂದ ಕಣ್ಣೊರೆಸಿಕೊಂಡು, ತಳದ ಕೆಸರಿಗೇ ಕೈಹಾಕಿ ಕಲಕಿ ಮತ್ತೆ ಒಂದು ಹನಿ ತೆಗೆದರು. ಬಹಳ ಹೊತ್ತು ತಲೆಯೆತ್ತಲಿಲ್ಲ.

"ಬಾ ಇಲ್ಲಿ. ನೀನೇ ನೋಡು."

ಅಣ್ಣ ಎಷ್ಟು ಸಲ ಕರೆದರೂ ಮಸೂರಕ್ಕೆ ಕಣ್ಣಿಡದವನು ಅಂದು ಬಗ್ಗಿದ. ಹನಿಯೊಳಗೆ ಚುಕ್ಕೆಯಷ್ಟು ಜೀವವೊಂದು ತಟಕ್ಕನೆ ಜಿಗಿಯಿತು, ನಿಂತಿತು, ಮತ್ತೆ ಜಿಗಿಯಿತು.

"ಇದೆ," ಎಂದ. "ಅತ್ತಿಗೆ, ಇದೆ."

ಪೀಪಾಯಿಯ ನೀರನ್ನು ಇಬ್ಬರೂ ಸೇರಿ ಕೊಳಕ್ಕೆ ತುಂಬಿದರು. ಟೀಚರು ಭರಣಿಯನ್ನು ಬಗ್ಗಿಸಿದರು. ಅವನು ಇಡೀ ಬೆಳಗು ತೊಳೆದ ನೆಲದ ಮೇಲೆ ಕೆಸರು ಹೊಗೆಯಂತೆ ಹರಡಿತು, ತಳ ಮಸುಕಾಯಿತು. ಅವನು ನೋಡುತ್ತ ನಿಂತ. ಆಮೇಲೆ ಗೋಡೆಗೆ ಒರಗಿಸಿದ್ದ ಬ್ರಷ್ಷನ್ನು ತಂದು, ಮೊಣಕಾಲಿಗೆ ಒತ್ತಿ ಅದರ ಹಿಡಿಯನ್ನು ಲಟಕ್ಕನೆ ಮುರಿದ. ಪ್ಯಾಂಟನ್ನು ಮತ್ತೆ ಮಡಚಿಕೊಂಡು ನೀರಿಗಿಳಿದು, ಕೊಳದ ನಡುವೆ ನಾಲ್ಕು ಕಲ್ಲು ಒಟ್ಟಿ, ಆ ಕೋಲನ್ನು ನೆಟ್ಟಗೆ ನಿಲ್ಲಿಸಿದ.