ನಲವತ್ತೊಂದನೆಯ ಚುಕ್ಕೆ

"ಏ ಕತ್ತೆಮುಂಡೆ, ನಿನ್ನ ಇಟ್ಕೊಂಡಿರೋದು ಪುಸ್ತಕ ಹೊರೋಕೆ, ಓದೋಕಲ್ಲ! ಮುಚ್ಚೇ ಅದನ್ನ!"

ಮ್ಯಾನೇಜರನ ಕೂಗಿಗೆ ಗ್ರಂಥಾಲಯದ ಹಿಂದಿನ ಹಜಾರದಲ್ಲಿ ಚೀಲ ತುಂಬುತ್ತಿದ್ದವರೆಲ್ಲ ತಲೆ ತಗ್ಗಿಸಿದರು. ಮದ್ದಿನಕ್ಕ ಮಾತ್ರ ತಗ್ಗಿಸಲಿಲ್ಲ. ಅವಳಿಗೆ ಬೈಗುಳ ಕೇಳಿಸಿಯೇ ಇರಲಿಲ್ಲ. ಬೆಳಗ್ಗೆಯಿಂದ ಮುನ್ನೂರು ಚೀಲಕ್ಕೆ ಒಂದೊಂದು ಪೆನ್ನು, ಒಂದೊಂದು ನೋಟ್‌ಬುಕ್ಕು, ಮೇಲೆ ದೊಡ್ಡ ಸಾಹೇಬರ ಹೊಸ ಪುಸ್ತಕ ಇಟ್ಟು ಜಿಪ್ಪು ಎಳೆಯುವುದೇ ಕೆಲಸ. ಮರುದಿನ ಸಮ್ಮೇಳನ. ಎಲ್ಲೆಲ್ಲಿಂದಲೋ ಗ್ರಂಥಪಾಲಕರು, ಪ್ರೊಫೆಸರುಗಳು ಬರುವವರಿದ್ದರು. ನೂರಾ ಹನ್ನೆರಡನೆಯ ಚೀಲದ ಹೊತ್ತಿಗೆ ಪುಸ್ತಕ ಕೈಜಾರಿ ಬಿದ್ದು ನಡುವೆ ತೆರೆದುಕೊಂಡಿತು. ಆ ಪುಟದಲ್ಲಿ ಒಂದು ಪಟ್ಟಿ. ಪಟ್ಟಿಯ ತಳದಲ್ಲಿ ಹತ್ತೊಂಬತ್ತು, ಇಪ್ಪತ್ಮೂರು, ಇಪ್ಪತ್ತೊಂಬತ್ತು, ಮೂವತ್ತೊಂದು. ಕೊನೆಗೆ ಸೊನ್ನೆ.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ಅವಳು. ಆದರೂ ಆ ಅಂಕಿಗಳನ್ನು ನಿದ್ದೆಗಣ್ಣಲ್ಲಿ ಕೇಳಿದ್ದರೂ ಹೇಳುತ್ತಿದ್ದಳು. ಪಟ್ಟಿಯ ತಲೆಯ ಮೇಲೆ ಬರೆದದ್ದನ್ನು ಬೆರಳಿಟ್ಟು ಓದಿದಳು. 'ಸತ್ತ ಹುಳಗಳ ಸಂಖ್ಯೆ.'

"ಕಿವೀಲಿ ಏನು ಸೀಸ ಹುಯ್ಕೊಂಡಿದ್ದೀಯಾ?" ಮ್ಯಾನೇಜರ್ ಬಂದು ಪುಸ್ತಕ ಕಿತ್ತುಕೊಂಡ. ಅದರ ರಟ್ಟಿನ ಮೂಲೆ ಮುರಿದಿತ್ತು. "ಇದಕ್ಕೆ ನಿಮ್ಮಪ್ಪ ದುಡ್ಡು ಕೊಡ್ತಾನಾ? ಬಿಸಾಕು ಅತ್ಲಾಗೆ!" ಎಂದು ಅವಳ ಕಾಲ ಬಳಿ ಎಸೆದ.

ಅವಳು ಬಿಸಾಡಲಿಲ್ಲ. ಎತ್ತಿಕೊಂಡು ಸೆರಗಿನ ಒಳಗೆ ಇಟ್ಟುಕೊಂಡಳು.

ಅವಳನ್ನು ಮದ್ದಿನಕ್ಕ ಎನ್ನುತ್ತಿದ್ದುದು ಗಂಡನ ಕೆಲಸದಿಂದ. ಗಂಡ ಇಪ್ಪತ್ತೆರಡು ವರ್ಷ ಈ ಗ್ರಂಥಾಲಯದ ಮದ್ದಿನವನು. ನೆಲಮಾಳಿಗೆಯ ಕೊನೆಯಲ್ಲಿ ಕಬ್ಬಿಣದ ಬಾಗಿಲಿನ ಒಂದು ಕೋಣೆ. ಹುಳ ಹಿಡಿದ ಹಳೆಯ ಪುಸ್ತಕಗಳನ್ನು ಪೆಟ್ಟಿಗೆಗಟ್ಟಲೆ ಅಲ್ಲಿ ತುಂಬಿ, ಮದ್ದಿನ ಹೊಗೆ ಹಾಕಿ, ಬಾಗಿಲು ಬಿಗಿಯುವುದು. ಮರುದಿನ ತೆರೆದು, ಒಳಗೆ ಹೋಗಿ, ಒಂದೊಂದೇ ಪುಸ್ತಕ ಕೊಡವಿ ಒರೆಸಿ ಮೇಲಕ್ಕೆ ಹೊರುವುದು. ಅವನ ಅಂಗಿಯ ವಾಸನೆ ಮೂರು ಒಗೆತಕ್ಕೂ ಹೋಗುತ್ತಿರಲಿಲ್ಲ. ಮೂಗಿಗೆ ಹಾಕಿಕೊಳ್ಳಲು ಏನಾದರೂ ಕೊಡಿಸಿ ಎಂದು ಕೇಳಿದಾಗ ಮ್ಯಾನೇಜರ್, "ಹುಳ ಸಾಯೋ ಮದ್ದು ಕಣೋ ಅದು. ನೀನೇನು ಹುಳಾನಾ?" ಎಂದಿದ್ದ.

ಆಮೇಲೆ ದೊಡ್ಡ ಸಾಹೇಬರಿಗೆ, ಅಂದರೆ ಗ್ರಂಥಪಾಲಕರಿಗೆ, ಪುಸ್ತಕ ಬರೆಯುವ ಹುಕಿ ಬಂತು. ಮದ್ದನ್ನು ಎರಡು ಪಟ್ಟು ಮಾಡಿ ನೋಡಬೇಕು, ಎಷ್ಟು ಹುಳ ಸಾಯುತ್ತವೆ ಎಂದು ದಿನದಿನ ಬರೆದಿಡಬೇಕು ಎಂದು ಮ್ಯಾನೇಜರನಿಗೆ ಅಪ್ಪಣೆಯಾಯಿತು. ದೊಡ್ಡವರ ಅಪ್ಪಣೆ ಮೆಟ್ಟಿಲಿಳಿಯುವಾಗ ಅರ್ಧ ಸವೆಯುತ್ತದೆ. ಮ್ಯಾನೇಜರ್ ಕೆಳಗೆ ಬಂದು, "ಮದ್ದು ಡಬಲ್ ಹಾಕು" ಎಂದನೇ ಹೊರತು ಹುಳ ಎಣಿಸುವ ಮಾತು ಎತ್ತಲಿಲ್ಲ. ರಿಜಿಸ್ಟರಿನಲ್ಲಿ ತಾರೀಕು, ಪೆಟ್ಟಿಗೆ, ಪುಸ್ತಕದ ಸಂಖ್ಯೆ ಬರೆದ ಮೇಲೆ, ಸಾಹೇಬರು ಹುಳದ ಲೆಕ್ಕಕ್ಕೆಂದು ಗೆರೆ ಎಳೆಸಿದ್ದ ಕೊನೆಯ ಕಾಲಂ ಖಾಲಿಯೇ ಉಳಿಯಿತು.

ಅದೇ ವಾರ ಆಸ್ಪತ್ರೆಯ ಡಾಕ್ಟರು ಅವನಿಗೆ, "ದಿನಕ್ಕೆ ಎಷ್ಟು ಸಲ ಕೆಮ್ಮು ಬರುತ್ತೆ, ಗುರುತು ಹಾಕಿಡಪ್ಪ" ಎಂದರು. ಕೈಯಲ್ಲಿದ್ದ ಕಾಗದ ಅದೊಂದೇ. ಖಾಲಿ ಕಾಲಮ್ಮಿನಲ್ಲಿ ಗೀಟು ಹಾಕುತ್ತ ಬಂದ. ನಾಲ್ಕು ನಿಂತ ಗೀಟು, ಐದನೆಯದು ಅಡ್ಡ. ಸಂಜೆ ಮನೆಗೆ ಬಂದವನೇ ಹೊಸಿಲ ಮೇಲೆ ಕೂತು, "ಇವತ್ತು ಹತ್ತೊಂಬತ್ತು ಕಣೇ" ಎನ್ನುತ್ತಿದ್ದ. ಅವಳು, "ಏನು, ರನ್ನು ಹೊಡೆದ ಹಾಗೆ ಹೇಳ್ತೀಯ" ಎಂದು ರೇಗುತ್ತಿದ್ದಳು. ರೇಗದಿದ್ದರೆ ಅಳು ಬರುತ್ತಿತ್ತು.

ಅವನಿಗೆ ಇನ್ನೊಂದು ಅಭ್ಯಾಸ. ನಾಳಿನ ತಾರೀಕು, ನಾಳಿನ ಪೆಟ್ಟಿಗೆಯ ನಂಬರು ಎಲ್ಲವನ್ನೂ ಹಿಂದಿನ ಸಂಜೆಯೇ ಬರೆದಿಟ್ಟು ಬರುತ್ತಿದ್ದ. ಬೆಳಗ್ಗೆ ಬಂದರೆ ಕೈ ನಡುಗುತ್ತೆ, ಅಕ್ಷರ ಕೆಡುತ್ತೆ ಎನ್ನುವುದು ಅವನ ಕಾರಣ. ನಲವತ್ತೊಂದನೆಯ ದಿನದ ಸಾಲನ್ನೂ ಹಾಗೇ ಬರೆದಿಟ್ಟಿದ್ದ. ಆ ಬೆಳಗ್ಗೆ ನೆಲಮಾಳಿಗೆಯ ಮೆಟ್ಟಿಲ ಮೇಲೆ, ಬೀಗದ ಕೈ ಹಿಡಿದುಕೊಂಡೇ ಸತ್ತ. ಕೋಣೆಯ ಒಳಗೆ ಸಾಯಲಿಲ್ಲವಾದ್ದರಿಂದ ಕೋಣೆಗೂ ಸಾವಿಗೂ ಸಂಬಂಧವಿಲ್ಲ ಎಂದು ಕಚೇರಿ ಬರೆದುಕೊಂಡಿತು.

ಕರುಣೆಯಿಂದ ಹೆಂಡತಿಗೆ ಕೆಲಸ ಕೊಟ್ಟರು. ತಾತ್ಕಾಲಿಕ ಕೆಲಸ, ಅದೇ ಕೋಣೆ, ಅದೇ ಮೊಳೆಗೆ ನೇತುಹಾಕಿದ ಅದೇ ಬೀಗದ ಕೈ. ಎಂಟು ತಿಂಗಳಿಂದ ಅವಳು ಬಾಗಿಲು ತೆರೆದಾಗಲೆಲ್ಲ ಒಳಗೆ ಯಾರೋ ಆಗಲೇ ಕೆಲಸ ಶುರುಮಾಡಿರುತ್ತಿದ್ದರು. ಪೆಟ್ಟಿಗೆಗಳ ಆಚೆ ಹಾಳೆ ಮಗುಚುವ ಸದ್ದು. ಕೆಮ್ಮು ಬರುವ ಮುಂಚೆ ಉಸಿರು ಹಿಡಿಯುತ್ತಾರಲ್ಲ, ಆ ಸದ್ದು. ಮೊದಮೊದಲು ಹೆದರಿ ಓಡಿಬಂದಳು. ಆಮೇಲೆ ರೂಢಿಯಾಯಿತು. "ಸರಿ ಆಚೆ, ನಾನು ಒರೆಸ್ತೀನಿ" ಎಂದು ಖಾಲಿ ಕೋಣೆಗೆ ಹೇಳಿ ಬಟ್ಟೆ ಕೈಗೆತ್ತಿಕೊಳ್ಳುವಳು. ಈ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ.

ರಿಜಿಸ್ಟರು ಎಲ್ಲಿಗೆ ಹೋಯಿತು ಎನ್ನುವುದು ಅವಳಿಗೆ ಈಗ ಹೊಳೆಯಿತು. ನಾಲ್ಕು ತಿಂಗಳ ಕೆಳಗೆ ಸಾಹೇಬರ ಕೋಣೆಗೆ ಟೀ ಕೊಂಡುಹೋದಾಗ ಮೇಜಿನ ಮೇಲೆ ಅದರ ಕೆಂಪು ಬೆನ್ನು ಕಂಡಿತ್ತು. ಎದುರಿಗೆ ಪ್ರಕಾಶಕ ಕೂತಿದ್ದ. "ಇನ್ನೂರು ಪುಟ ಯಾರು ಓದ್ತಾರೆ ಸಾರ್? ಸಮ್ಮೇಳನದವರು ಕರೀಬೇಕು ಅಂದ್ರೆ ಗ್ರಾಫಿನ ಒಂದು ಗೆರೆ ಸಾಕು. ಏರ್ಬೇಕು, ಏರ್ಬೇಕು, ದಬಕ್ಕನೆ ಇಳೀಬೇಕು. ಅಂಥದ್ದೊಂದು ಇದ್ರೆ ವರ್ಷವಿಡೀ ವೇದಿಕೆ ನಿಮ್ದೇ" ಎನ್ನುತ್ತಿದ್ದ. ಸಾಹೇಬರು ರಿಜಿಸ್ಟರಿನ ಮೇಲೆ ಕೈಯಿಟ್ಟು, "ಇದೆ" ಎಂದಿದ್ದರು.

ಸಂಜೆ ಮನೆಯಲ್ಲಿ ಅತ್ತೆ ಪುಸ್ತಕವನ್ನು ಮುಟ್ಟಿ ಮುಟ್ಟಿ ನೋಡಿದಳು. ಮುದುಕಿಗೆ ಓದಲು ಬಾರದು.

"ನನ್ನ ಮಗನ ವಿಷಯ ಇದರೊಳಗೆ ಅಚ್ಚಾಗಿದೆಯೇನೇ?"

"ಹೂಂ ಅತ್ತೆ."

"ಓದು ಮತ್ತೆ."

ಮದ್ದಿನಕ್ಕ ಮೊದಲು ಕೃತಜ್ಞತೆಯ ಪುಟ ಓದಿದಳು. ಅಲ್ಲಿ ಪ್ರಕಾಶಕನಿದ್ದ, ಮೂವರು ಪ್ರೊಫೆಸರುಗಳಿದ್ದರು, ಸಾಹೇಬರ ಹೆಂಡತಿಯಿದ್ದಳು, ಬರೆಯುವಾಗ ಕಾಲ ಬಳಿ ಮಲಗಿರುತ್ತಿದ್ದ ಅವರ ನಾಯಿ ಹೆಸರು ಸಮೇತ ಇತ್ತು. ಕೊನೆಗೆ 'ಮತ್ತು ಇತರ ಸಿಬ್ಬಂದಿ'. ಆಮೇಲೆ ಪಟ್ಟಿ ಓದಿದಳು. ಮೊದಲನೇ ದಿನ ನಾಲ್ಕು. ಎರಡನೇ ದಿನ ಆರು. ಅರ್ಧ ಓದುವಷ್ಟರಲ್ಲಿ ಅತ್ತೆ ಕೈ ಅಡ್ಡ ಹಿಡಿದಳು. ಪ್ರತಿ ಸಂಜೆ ಹೊಸಿಲ ಮೇಲಿನ ಲೆಕ್ಕ ಆ ಕಿವಿಗೂ ಬಿದ್ದಿತ್ತು.

"ಇದು ಅವನ ಕೆಮ್ಮಲ್ವೇನೇ?"

"ಹುಳ ಅಂತ ಬರೆದಿದಾರೆ."

"ನನ್ನ ಮಗನ್ನ ಹುಳ ಅಂದ್ನಾ, ಆ ಬೇವರ್ಸಿ?" ಮುದುಕಿ ಪುಸ್ತಕವನ್ನು ದೂರ ತಳ್ಳಿದಳು. ಆಮೇಲೆ ದನಿ ಕುಗ್ಗಿಸಿ, "ಆದ್ರೂ ನೀನು ಬಾಯಿ ಬಿಡ್ಬೇಡ. ನಿನ್ ಖಾಯಂ ಆರ್ಡರ್ ಬರೋದಿದೆ. ಸತ್ತೋನು ಸತ್ತ, ಇರೋರ ಹೊಟ್ಟೆ ನೋಡ್ಬೇಕು" ಎಂದಳು. ಹಾಗೆ ಹೇಳಿದ್ದಕ್ಕೆ ತಾನೇ ನಾಚಿ ಗೋಡೆಯ ಕಡೆ ತಿರುಗಿ ಮಲಗಿದಳು.

ಮರುದಿನ ಬೆಳಗ್ಗೆ ಮದ್ದಿನಕ್ಕ ಸಾಹೇಬರ ಕೋಣೆಗೆ ಹೋದಳು. ಅವರು ಕನ್ನಡಿಯ ಮುಂದೆ ಟೈ ಬಿಗಿಯುತ್ತ ಭಾಷಣದ ಮೊದಲ ಸಾಲು ಗುನುಗುತ್ತಿದ್ದರು.

"ಸಾರ್, ಪಟ್ಟೀಲಿ ಇರೋದು ಹುಳ ಅಲ್ಲ. ನಮ್ಮನೆಯವರ ಕೆಮ್ಮು. ಡಾಕ್ಟರು ಗುರುತು ಹಾಕು ಅಂದಿದ್ರು."

"ಏನು?"

ಅವಳು ಎಲ್ಲ ಹೇಳಿದಳು. ಸಾಹೇಬರು ಕಪಾಟಿನಿಂದ ರಿಜಿಸ್ಟರ್ ತೆಗೆದು ತಿರುವಿದರು. ಮೂವತ್ತೆಂಟನೆಯ ದಿನದ ಗೀಟುಗಳ ಮೇಲೆ ಕಂದು ಬಣ್ಣದ ಒಂದು ಕಲೆಯಿತ್ತು. ಅದರ ಮೇಲೆ ಹೆಬ್ಬೆರಳಿಟ್ಟವರು ಚಕ್ಕನೆ ತೆಗೆದರು. ಒಂದು ಗಳಿಗೆ ಅವರ ಮುಖದಲ್ಲಿ ಮನುಷ್ಯ ಕಂಡ. ಅವಳಿಗೆ ಪಾಪವೆನ್ನಿಸಿತು ಕೂಡ. ಆಮೇಲೆ ಸಾಹೇಬರು ವಾಪಸು ಬಂದರು.

"ಇನ್ಯಾರಿಗೆ ಹೇಳಿದ್ದೀಯ?"

"ಅತ್ತೆಗೆ."

"ಅವರಿಗೇನು ತಿಳಿಯುತ್ತೆ, ಬಿಡು." ರಿಜಿಸ್ಟರು ಕಪಾಟಿಗೆ ಹೋಯಿತು, ಬೀಗ ಬಿತ್ತು. "ನೋಡಮ್ಮ, ಅಚ್ಚಾದದ್ದು ಅಚ್ಚಾಯ್ತು. ಇನ್ನೂ ಮೂರು ಕಡೆ ಮಾತಾಡೋಕೆ ಒಪ್ಕೊಂಡಿದ್ದೀನಿ. ನಿನ್ನ ಖಾಯಂ ಆರ್ಡರ್ ಇಗೋ, ಈ ಫೈಲಲ್ಲೇ ಇದೆ, ನಾಳೆ ಸಹಿ ಹಾಕ್ತೀನಿ. ಆ ಕೋಣೆಯಿಂದಲೂ ಬಿಡಿಸಿ ಮೇಲಿನ ಕೌಂಟರಿಗೆ ಹಾಕಿಸ್ತೀನಿ. ಇವತ್ತು ಸಭೇಲಿ ಮೈಕ್ ಹಿಡ್ಕೊಂಡು ಓಡಾಡು. ಪ್ರಶ್ನೆ ಕೇಳೋರಿಗೆ ಕೊಡು, ಕೇಳಿದ ಮೇಲೆ ಇಸ್ಕೋ. ತಿಳೀತಾ?"

"ತಿಳೀತು ಸಾರ್."

ಸಭಾಂಗಣದಲ್ಲಿ ದೀಪ ಆರಿಸಿದಾಗ ಅವಳು ಗೋಡೆಗೆ ಒರಗಿ ನಿಂತಿದ್ದಳು. ತಂಪು ಹವೆ, ಸೆಂಟಿನ ಪರಿಮಳ, ಮುನ್ನೂರು ಕುರ್ಚಿ. ಪರದೆಯ ಮೇಲೆ ಗೆರೆ ಎದ್ದಿತು. ಸಾಹೇಬರು ಕೈಯಲ್ಲಿದ್ದ ಕೆಂಪು ಬೆಳಕನ್ನು ಒಂದೊಂದು ಚುಕ್ಕೆಗೂ ಮುಟ್ಟಿಸುತ್ತ ಹೋದರು. ಅವರು ಚುಕ್ಕೆ ಮುಟ್ಟಿದಾಗಲೆಲ್ಲ ಅವಳ ಬೆನ್ನ ಹಿಂದೆ ಉಸಿರು ಹಿಡಿಯುವ ಸದ್ದಾಯಿತು. ಅವನು ಕೋಣೆ ಬಿಟ್ಟು ಮೇಲೆ ಬಂದಿದ್ದ. ಅವಳು ತಿರುಗಿ ನೋಡಲಿಲ್ಲ. ನೋಡಿದರೆ ಗೋಡೆ ಮಾತ್ರ ಇರುತ್ತದೆ ಎನ್ನುವುದು ಅವಳಿಗೆ ಗೊತ್ತಿತ್ತು.

"ನಲವತ್ತನೆಯ ದಿನ ಮೂವತ್ತೊಂದು," ಎಂದರು ಸಾಹೇಬರು. ಸಭೆ ಮುಂದಕ್ಕೆ ಬಾಗಿತು. "ನಲವತ್ತೊಂದನೆಯ ದಿನ... ಸೊನ್ನೆ!"

ಚಪ್ಪಾಳೆ ಬಿತ್ತು. ಮುಂದಿನ ಸಾಲಿನ ಪ್ರಕಾಶಕ ಎದ್ದು ನಿಂತೇ ತಟ್ಟಿದ. ತನ್ನ ಗಂಡ ಸತ್ತದ್ದಕ್ಕೆ ಮುನ್ನೂರು ಮಂದಿ ಒಟ್ಟಿಗೆ ಚಪ್ಪಾಳೆ ಹೊಡೆಯುವುದನ್ನು ಮದ್ದಿನಕ್ಕ ಕೇಳಿದಳು.

ದೀಪ ಹತ್ತಿತು. ಐದನೇ ಸಾಲಿನಲ್ಲಿ ದಪ್ಪ ಕನ್ನಡಕದ ಒಬ್ಬ ಹೆಂಗಸು ಕೈ ಎತ್ತಿದಳು. ಬೇರೆಲ್ಲಿಯದೋ ಗ್ರಂಥಪಾಲಕಿ. ಮದ್ದಿನಕ್ಕ ಮೈಕ್ ಒಯ್ದು ಕೊಟ್ಟಳು.

"ನನಗೊಂದು ಸಣ್ಣ ಅನುಮಾನ ಸಾರ್. ಒಂದು ದಿನ ಮೂವತ್ತೊಂದು ಸತ್ತು, ಮರುದಿನ ಒಂದೂ ಇಲ್ಲ ಅಂದ್ರೆ ಹೇಗೆ? ಆ ದಿನ ಏನಾಯ್ತು?"

"ಒಳ್ಳೆ ಪ್ರಶ್ನೆ," ಎಂದರು ಸಾಹೇಬರು. ಅವರ ಕಣ್ಣು ಒಮ್ಮೆ ಮದ್ದಿನಕ್ಕನ ಮೇಲೆ ಹಾಯ್ದು ಹೋಯಿತು. "ಆ ದಿನಕ್ಕೆ ನಮ್ಮ ವಿಧಾನ ಪೂರ್ತಿ ಯಶಸ್ವಿಯಾಗಿತ್ತು. ಕೊಲ್ಲೋಕೆ ಇನ್ನೇನೂ ಉಳಿದಿರಲಿಲ್ಲ."

ಹೆಂಗಸು ಮೈಕ್ ವಾಪಸು ಕೊಟ್ಟಳು. ಅದು ಮದ್ದಿನಕ್ಕನ ಕೈಯಲ್ಲಿ ಬಿಸಿಯಾಗಿತ್ತು. ಫೈಲು ನೆನಪಾಯಿತು, ಮೇಲಿನ ಕೌಂಟರು ನೆನಪಾಯಿತು, ಗೋಡೆಯ ಕಡೆ ತಿರುಗಿ ಮಲಗಿದ ಅತ್ತೆಯ ಬೆನ್ನು ನೆನಪಾಯಿತು. ನಾಳೆ ಸಹಿ. ಸುಮ್ಮನಿದ್ದರೆ ಸಾಕು.

"ಆ ದಿನ ಏನಾಯ್ತು ಅಂತ ನಾನು ಹೇಳ್ತೀನಿ," ಎಂದಳು ಮೈಕಿನಲ್ಲಿ.

ತನ್ನ ದನಿ ಅಷ್ಟು ದೊಡ್ಡದಾಗಿ ಛಾವಣಿಯಿಂದ ಬಿದ್ದದ್ದಕ್ಕೆ ತಾನೇ ಬೆಚ್ಚಿದಳು. ಮ್ಯಾನೇಜರ್ ಕುರ್ಚಿಗಳ ನಡುವೆ ನುಗ್ಗಿ ಬಂದ. "ಕೊಡೇ ಮೈಕ್, ಲೌಡಿ! ಮರ್ಯಾದೆ ತೆಗೀತೀಯಾ?" ಎಂದು ಅವಳ ಕೈ ತಿರುಚಿದ. ಆ ಮಾತೂ ಛಾವಣಿಯಿಂದ ಬಿತ್ತು. ಸಭೆ ಮುಖ ಮುಖ ನೋಡಿಕೊಂಡಿತು.

ಮೈಕ್ ಅವನಿಗೇ ಬಿಟ್ಟಳು. ಬರಿಗೈಯಲ್ಲಿ ನಡೆದು ವೇದಿಕೆ ಹತ್ತಿದಳು. ಸಾಹೇಬರು, "ಅಮ್ಮಾ, ಫೈಲು..." ಎಂದು ಮೆಲ್ಲಗೆ ಅಂದರು. ಅವಳು ಪರದೆಯ ಬಳಿ ಹೋಗಿ ನಿಂತಳು. ಗೆರೆಯ ಅರ್ಧ ಅವಳ ಸೀರೆಯ ಮೇಲೆ ಬಿತ್ತು. ಗೆರೆ ನೆಲಕ್ಕೆ ಬಿದ್ದಿದ್ದ ಜಾಗ ಹುಡುಕಿ ಅಲ್ಲಿ ಬೆರಳಿಟ್ಟಳು.

"ಇಲ್ಲಿ ನನ್ನ ಗಂಡ ಸತ್ತ," ಎಂದಳು. ಮೈಕಿಲ್ಲದ ದನಿ ಮೂರನೇ ಸಾಲಿನವರೆಗೆ ಮಾತ್ರ ಹೋಯಿತು. ಅಲ್ಲಿಂದ ಹಿಂದಕ್ಕೆ ಅದನ್ನು ಜನರೇ ಪಿಸುಗುಟ್ಟಿಕೊಂಡು ದಾಟಿಸಿದರು. "ಅದಕ್ಕೇ ಇಲ್ಲಿ ಗೀಟಿಲ್ಲ. ಇವೆಲ್ಲ ಹುಳ ಅಲ್ಲ. ಅವನ ಕೆಮ್ಮು. ಇವರು ಮದ್ದು ಡಬಲ್ ಹಾಕಿಸಿದ್ರು."

"ಮುಂದಿನದು ಹಾಕಯ್ಯ, ಮುಂದಿನ ಚಿತ್ರ!" ಸಾಹೇಬರು ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ಕೂತವನಿಗೆ ಕೂಗಿದರು.

ಅವನೂ ತಾತ್ಕಾಲಿಕದವನೇ. ಬಟನ್ನಿನ ಮೇಲಿದ್ದ ಕೈಯನ್ನು ನೋಡಿಕೊಂಡ. ಆಮೇಲೆ ಅದನ್ನು ತೆಗೆದು ತೊಡೆಯ ಕೆಳಗೆ ಇಟ್ಟುಕೊಂಡು ಕೂತ.

"ಹಾಕೋ, ನನ್ಮಗನೆ!"

ಚಿತ್ರ ಬದಲಾಗಲಿಲ್ಲ. ಮುಂದಿನ ಸಾಲಿನವರು ಒಬ್ಬೊಬ್ಬರೇ ಎದ್ದು ಚೀಲ ಹೆಗಲಿಗೇರಿಸಿಕೊಂಡರು. ಪ್ರಕಾಶಕ ಮೊದಲು ಹೊರಬಿದ್ದ. ಕನ್ನಡಕದ ಹೆಂಗಸು ಮಾತ್ರ ಎದ್ದು ಬಂದು, ಖಾಲಿಯಾದ ಮೊದಲ ಸಾಲಿನಲ್ಲಿ ಕೂತು ಪೆನ್ನು ತೆಗೆದಳು.

ಮದ್ದಿನಕ್ಕ ಪರದೆಯ ಎಡತುದಿಗೆ ನಡೆದಳು.

"ಇದು ಮೊದಲನೇ ದಿನ. ನಾಲ್ಕು. ಅವತ್ತು ಮನೆಗೆ ಬಂದವನು ನಗ್ತಾ ಇದ್ದ, ಬರೀ ನಾಲ್ಕು ಕಣೇ ಅಂದ," ಎಂದಳು. ಬೆರಳನ್ನು ಪಕ್ಕದ ಚುಕ್ಕೆಗೆ ಸರಿಸಿದಳು. "ಎರಡನೇ ದಿನ ಆರು."